ಬೆಕ್ಕಿನ ಕೌದಿ, ಎಮ್ಮೆಯ ಹಗ್ಗ

ನಮ್ಮ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಒಂದು ಗೂಟವಿದೆ. ಅದಕ್ಕೊಂದು ಹಗ್ಗ ನೇತಾಡುತ್ತದೆ. ಎಮ್ಮೆಯ ಕೊರಳಿಗೆ ಹಾಕುವ ಹಗ್ಗ, ಗಂಟಿನ ಬಳಿ ಸವೆದು ನುಣ್ಣಗಾಗಿದೆ. ನಮ್ಮಲ್ಲಿ ಎಮ್ಮೆ ಇಲ್ಲ. ಎಮ್ಮೆ ಕಟ್ಟುವಷ್ಟು ಅಂಗಳವೂ ಇಲ್ಲ. ಇರುವಷ್ಟರಲ್ಲಿ ನನ್ನ ಸ್ಕೂಟರು ನಿಲ್ಲುತ್ತದೆ, ಅದೂ ಹ್ಯಾಂಡಲ್ ತಿರುವಿದರೆ. ಬಂದವರು ಯಾರಾದರೂ ಈ ಹಗ್ಗ ಯಾಕೆ ಎಂದು ಕೇಳಿದಾಗ ನಾನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೇಳುವ ಹೊತ್ತಿಗೆ ಎಲ್ಲವೂ ನಿಜವೇ ಆಗಿತ್ತು.

ಈಗ ಆ ಹಗ್ಗದ ಕೆಳಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬಂದು ಕುಳಿತಿದೆ. ಬೂದು ಬಣ್ಣ, ಎರಡೂ ಬದಿಗೆ ಗಾಳಿಗಾಗಿ ಸೀಳು, ಮುಂದೆ ತಂತಿಯ ಬಾಗಿಲು, ಮೇಲೊಂದು ಹಿಡಿಕೆ. ನಮ್ಮ ಬೆಕ್ಕಿಗೆ ಚುಚ್ಚುಮದ್ದು ಹಾಕಿಸಲೆಂದು ಹೋದ ವರ್ಷ ಫೋನಿನಲ್ಲಿ ಹುಡುಕಿ ತರಿಸಿದ್ದು. ಅದನ್ನು ಬಿಚ್ಚಿದ ದಿನ ಅವ್ವ ಕನ್ನಡಕ ಏರಿಸಿಕೊಂಡು ಸುತ್ತಲೂ ನೋಡಿದಳು.

"ಇಷ್ಟ ದೊಡ್ಡ ಇಲಿಬೋನು ಯಾಕ ತರಿಸಿಯೋ ತಮ್ಮಾ?"

"ಇಲಿಗಲ್ಲಬೇ, ಬೆಕ್ಕಿಗೆ."

"ಬೆಕ್ಕಿಗೆ ಬೋನು! ಇದನ್ನ ನೋಡಿದ್ರ ಇಲಿಗೋಳು ನಕ್ಕೋತ ಸಾಯತಾವ ಬಿಡು. ಬೇರೆ ಬೋನು ಬೇಕಾಗಂಗಿಲ್ಲ."

ಬೆಕ್ಕಿನ ಹೆಸರು ಪುಟಾಣಿ. ಹುರಿದ ಪುಟಾಣಿಯದೇ ಬಣ್ಣ, ಅಲ್ಲಲ್ಲಿ ತುಸು ಕಂದಿದ ಕಲೆ. ನನ್ನ ನೆನಪಿನಲ್ಲಿ ಅದು ನಮ್ಮ ಮನೆಗೆ ಬಂದದ್ದು ಮಳೆಯ ದಿನ. ಬಾಗಿಲ ಸಂದಿಯಲ್ಲಿ ತೊಯ್ದು ಮುದ್ದೆಯಾಗಿ ಕುಳಿತಿತ್ತು, ನಾನು ಎತ್ತಿಕೊಂಡೆ. ನನ್ನ ಹೆಂಡತಿ ಗಿರಿಜಾಳ ನೆನಪಿನಲ್ಲಿ ಅದು ಸುಡುವ ಬೇಸಿಗೆ. ಹತ್ತಿ ಜಿನ್ನಿಂಗ್ ಮಿಲ್ಲಿನ ಗೋಡೆಯ ಪಕ್ಕ ಯಾರೋ ಬಾಯಿ ಕಟ್ಟಿ ಎಸೆದಿದ್ದ ಗೋಣಿಚೀಲ ಮಿಸುಕಾಡುತ್ತಿತ್ತು, ಅವಳು ಬಿಚ್ಚಿದಳು, ನಾನು ಆಗ ಅಲ್ಲಿ ಇರಲೇ ಇಲ್ಲ. ನನ್ನ ಮಳೆ ನನಗೆ ಹೆಚ್ಚು ಇಷ್ಟ. ಆದರೆ ಬೆಕ್ಕು ಗಿರಿಜಾಳ ಪರವಾಗಿ ಸಾಕ್ಷಿ ಹೇಳುತ್ತದೆ. ಇವತ್ತಿಗೂ ಕಿರಾಣಿ ಚೀಲ ಸರಕ್ ಎಂದರೆ ಸಾಕು, ಅದು ಅಡುಗೆಮನೆಯ ಅಟ್ಟ ಏರಿ ಹಿತ್ತಾಳೆ ಹಂಡೆಯ ಹಿಂದೆ ಮಾಯವಾಗುತ್ತದೆ. ಬಾಯಿ ಕಟ್ಟಬಹುದಾದ ಯಾವ ವಸ್ತುವನ್ನೂ ಅದು ನಂಬುವುದಿಲ್ಲ. ನಂಬುವುದು ಎರಡನ್ನು: ಅವ್ವನ ಮಡಿಲು, ಮತ್ತು ನೀರಿನ ಕೊಡದ ಪಕ್ಕ ಹಾಸಿರುವ ಹಳೆಯ ಕೌದಿಯ ಒಂದು ತುಂಡು.

ಹೋದ ವರ್ಷದ ಪ್ರಯತ್ನ ಹೇಗಾಯಿತೆಂದು ಹೇಳದಿರುವುದೇ ಒಳ್ಳೆಯದು. ಆದರೆ ಗಿರಿಜಾ ಅದನ್ನು ಓಣಿಗೆಲ್ಲ ಹೇಳಿಬಿಟ್ಟಿರುವುದರಿಂದ ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ? ನಾನು ಚಳಿಗಾಲದ ಜರ್ಕಿನ್ ತೊಟ್ಟೆ. ಕೈಗೆ ಟವೆಲ್ ಸುತ್ತಿಕೊಂಡೆ. ತಲೆಗೆ ಹೆಲ್ಮೆಟ್ ಹಾಕಿಕೊಂಡೆ. ಅವ್ವ ಹೊಸ್ತಿಲಲ್ಲಿ ಕುಳಿತು, "ಯಾವ ಯುದ್ಧಕ್ಕ ಹೊಂಟಾನೋ ನೋಡವಾ ನಿನ್ನ ಗಂಡ" ಎಂದಳು. ಬೆಕ್ಕಿಗೆ ನಾಲ್ಕು ಕಾಲೆಂದು ನಾವೆಲ್ಲ ಸಾಲೆಯಲ್ಲಿ ಕಲಿತವರು. ಅದನ್ನು ಪೆಟ್ಟಿಗೆಯ ಬಾಯಿಗೆ ಹಿಡಿದು ನೋಡಿ, ಆಮೇಲೆ ಎಣಿಸಿ. ಮೇಲಿನ ಅಂಚಿಗೆ ಒಂದು ಕಾಲು, ಕೆಳಗಿನ ಅಂಚಿಗೆ ಒಂದು, ನನ್ನ ಎದೆಗೆ ಎರಡು, ಹೆಲ್ಮೆಟ್ಟಿನ ಗಾಜಿಗೆ ಒಂದು. ಎಲ್ಲ ಮುಗಿದ ಮೇಲೆ ಪೆಟ್ಟಿಗೆಯೊಳಗೆ ಇದ್ದದ್ದು ನನ್ನ ಟವೆಲ್ ಮಾತ್ರ. ಚುಚ್ಚುಮದ್ದನ್ನು ಡಾಕ್ಟರು ಮನೆಗೇ ಬಂದು ಹಾಕಿದರು. ಪೆಟ್ಟಿಗೆ ಅಟ್ಟ ಸೇರಿತು.

ಈ ವರ್ಷ ಹಾಗೆ ನಕ್ಕು ಕೈಬಿಡುವಂತಿರಲಿಲ್ಲ. ಪುಟಾಣಿಯ ಎಡದವಡೆ ಊದಿತು. ತಟ್ಟೆಯ ಮುಂದೆ ಬಂದು ಕೂರುತ್ತದೆ, ಮೂಸುತ್ತದೆ, ಮುಖ ತಿರುಗಿಸಿ ಹೋಗುತ್ತದೆ. ಹಾಲಿನಲ್ಲಿ ನೆನೆಸಿದ ರೊಟ್ಟಿಯೂ ಬೇಡ. ಡಾಕ್ಟರನ್ನು ಕರೆಸಿದೆವು. ಅವರು ನಮ್ಮೂರವರೇ, ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ದಿನವಿಡೀ ಎಮ್ಮೆ ಆಕಳುಗಳ ಹೊಟ್ಟೆಗೆ ಕಿವಿಗೊಟ್ಟು, ಸಂಜೆ ಬೆಕ್ಕು ನಾಯಿ ನೋಡುತ್ತಾರೆ. ಅವ್ವನ ಮಡಿಲಲ್ಲಿದ್ದ ಪುಟಾಣಿಯ ತುಟಿ ಎತ್ತಿ ಒಂದು ಸಲ ನೋಡಿದರು. ಎರಡನೆಯ ಸಲ ನೋಡಲು ಮಡಿಲಲ್ಲಿ ಬೆಕ್ಕಿರಲಿಲ್ಲ.

"ಒಂದ ಹಲ್ಲ ಕೊಳತೈತ್ರಿ ಕಾಕಾರ. ಬುಡದಾಗ ಕೀವು ತುಂಬೇತಿ. ಮಂಪರ ಬರೂ ಇಂಜೆಕ್ಷನ್ ಕೊಟ್ಟು, ಹಲ್ಲ ಕಿತ್ತು ತೊಳೀಬೇಕು. ಅದು ಮನ್ಯಾಗ ಆಗೂ ಕೆಲಸ ಅಲ್ಲ. ದವಾಖಾನಿಗೆ ತರ್ರಿ."

"ತರಾಕ ಆಗಲಿಲ್ಲಂದ್ರ?" ಗಿರಿಜಾ ಕೇಳಿದಳು.

"ಕೀವು ರಕ್ತಕ್ಕ ಇಳೀತೈತ್ರಿ ಕಾಕೂ. ಮ್ಯಾಲ ತಿನ್ನೂದೂ ಬಿಟ್ಟೈತಿ. ಉಳಿಯೂದು ಕಷ್ಟ." ಡಾಕ್ಟರು ಸಣ್ಣ ಬಾಟಲಿಯೊಂದನ್ನು ಕೊಟ್ಟರು. "ಇದನ್ನ ಹಾಲಿನ್ಯಾಗ ಹಾಕ್ರಿ, ಗುರುವಾರತನ ತಡೀತೈತಿ. ಗುರುವಾರ ತರಲೇಬೇಕ್ರಿ ಮತ್ತ. ಮತ್ತ ಕಾಕಾರ, ಆ ಹೆಲ್ಮೆಟ್ ಹಾಕ್ಕೋಬ್ಯಾಡ್ರಿ."

ಓಣಿಯಷ್ಟೇ ಅಲ್ಲ, ದವಾಖಾನೆಯವರೆಗೂ ಹೋಗಿದೆ ಸುದ್ದಿ.

ಹಿಡಿದು ತುರುಕಬೇಡಿ, ಅದೇ ಒಳಗೆ ಹೋಗುವಂತೆ ಮಾಡಿ, ಎಂದು ಹೇಳಿಹೋದರು. ಪೆಟ್ಟಿಗೆಯನ್ನು ಕೆಳಗೆ ತಂದು ಎಲ್ಲರೂ ಓಡಾಡುವ ಕಡೆ ಇಡಬೇಕು. ಬಾಗಿಲು ಕಳಚಿಬಿಡಬೇಕು. ಅದು ದಿನಾ ಮಲಗುವ ಬಟ್ಟೆಯನ್ನೇ ಒಳಗೆ ಹಾಸಬೇಕು. ತನ್ನ ವಾಸನೆ ಇರುವ ಜಾಗಕ್ಕೆ ಬೆಕ್ಕು ತಾನಾಗಿ ಹೋಗುತ್ತದೆ. ನನಗೆ ಈ ಮಾತು ಬಹಳ ಹಿಡಿಸಿತು. ಅವತ್ತೇ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಬಾಗಿಲು ಕಳಚಿ, ಗೂಟದ ಕೆಳಗಿಟ್ಟು, ಕೌದಿಯ ತುಂಡನ್ನು ಒಳಗೆ ಹಾಸಿದೆ.

ಮರುದಿನ ನೋಡಿದರೆ ಪೆಟ್ಟಿಗೆ ಬರಿದು. ಕೌದಿ ಕೊಡದ ಪಕ್ಕ, ಅದರ ಮೇಲೆ ಪುಟಾಣಿ.

ಬೆಕ್ಕೇ ಎಳೆದುಕೊಂಡು ಹೋಗಿರಬೇಕು ಎಂದುಕೊಂಡೆ. ಮತ್ತೆ ಹಾಸಿದೆ. ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಕೌದಿ ಪುನಃ ಕೊಡದ ಪಕ್ಕ. ಬೆಕ್ಕು ಎಳೆದದ್ದಾದರೆ ಮುದ್ದೆಯಾಗಿ ಬೀಳಬೇಕಲ್ಲ? ಇದು ನಾಲ್ಕೂ ಮೂಲೆ ಸರಿಮಾಡಿ ಹಾಸಿತ್ತು. ಆಗ ನನಗೆ ನನ್ನ ಮೇಲೆಯೇ ಸಂಶಯ ಬಂತು. ನಾನು ಹಾಸಿದ್ದೆನೆ, ಇಲ್ಲ ಹಾಸಬೇಕೆಂದು ಅಂದುಕೊಂಡಿದ್ದೆನೆ? ಬೆಕ್ಕು ಬಂದ ದಿನದ ಮಳೆಯನ್ನೇ ಇಲ್ಲದಲ್ಲಿಂದ ತರಿಸಿದವನು ನಾನು. ಒಂದು ಕೌದಿ ಹಾಸಿದ ನೆನಪು ತರಿಸಿಕೊಳ್ಳುವುದು ಎಷ್ಟು ಮಾತ್ರದ ಕೆಲಸ? ಆದರೂ ಗಂಡಸಾದವನು ಮೊದಲು ಹೆಂಡತಿಯನ್ನೇ ಕೇಳಬೇಕೆಂಬ ರೂಢಿಯಿದೆ. ಗಿರಿಜಾಳನ್ನು ಬೈದೆ. ಅವಳು ನನಗಿಂತ ಚೆನ್ನಾಗಿ ತಿರುಗಿ ಬೈದಳು.

"ನೀವ ತಗದು ನೀವ ಮರತೀರಿ. ಮೊನ್ನಿ ಕನ್ನಡಕ ಹಾಕ್ಕೊಂಡು ಕನ್ನಡಕ ಹುಡಿಕ್ಯಾಡಿದವರು ನೀವ ಹೌದಲ್ಲ?"

ಇಲ್ಲಿ ಅವ್ವನ ಬಗ್ಗೆ ಒಂದು ಮಾತು. ಅವ್ವ ಕಟಕೋಳದ ಕಡೆಯವಳು. ಅವಳ ಮನೆಯಿಂದ ಹೊರಗೆ ಹೋದ ಪಾತ್ರೆ ತಿರುಗಿ ಬರಲೇಬೇಕು. ಪಕ್ಕದ ಮನೆಗೆ ಚಟ್ನಿಪುಡಿ ಕೊಟ್ಟ ಡಬ್ಬಿ ಎರಡು ದಿನ ತಡವಾದರೆ, ಅವ್ವ ಅವರ ಬಾಗಿಲಲ್ಲಿ ನಿಂತು ಅವರ ಮೊಮ್ಮಕ್ಕಳ ಕ್ಷೇಮ ವಿಚಾರಿಸಲು ಶುರುಮಾಡುತ್ತಾಳೆ. ಒಮ್ಮೆ ರಾಮದುರ್ಗಕ್ಕೆ ಮದುವೆಗೆ ಹೋದವಳು, ಯಾವ ಕಾಲದಲ್ಲೋ ಬೀಗರ ಮನೆಗೆ ಕೊಟ್ಟಿದ್ದ ಹಿಟ್ಟು ನಾದುವ ಪರಾತವನ್ನು ಅವರ ಅಡುಗೆಮನೆಯಲ್ಲಿ ಗುರುತು ಹಿಡಿದು, ಅದರಲ್ಲೇ ಬುಂದೆ ಲಾಡು ಹಾಕಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಇಳಿಯುವಾಗ ಕಂಡಕ್ಟರನಿಗೂ ಒಂದು ಲಾಡು ಕೊಟ್ಟಳಂತೆ. ನಾನಿದ್ದೆನೋ ಇಲ್ಲವೋ ನೆನಪಿಲ್ಲ. ಆದರೆ ಆ ಲಾಡಿನ ಲವಂಗದ ರುಚಿ ನಾಲಿಗೆಯ ಮೇಲಿದೆ.

ಮಂಗಳವಾರ ಬೆಳಿಗ್ಗೆ ಹೊರಗೆ ಹೊರಟವನು ಸ್ಕೂಟರಿನ ಕೀಲಿ ಮರೆತು ತಿರುಗಿ ಒಳಗೆ ಬಂದೆ. ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಅವ್ವ ಪೆಟ್ಟಿಗೆಯ ಮುಂದೆ ಬಗ್ಗಿದ್ದಳು. ಕೈಯಲ್ಲಿ ಕೌದಿ.

"ಯವ್ವಾ! ಏನ ಮಾಡಾಕತ್ತೀಬೇ?"

ಅವ್ವ ಬೆಚ್ಚಲಿಲ್ಲ. ಕೌದಿ ಕೊಡವಿದಳು. "ಕಾಣಸಂಗಿಲ್ಲ? ಇದನ್ನ ಇದರ ಜಾಗಾದಾಗ ಇಡಾಕತ್ತೇನಿ."

"ನಾ ಹಾಸಾಕತ್ತೇನಿ, ನೀ ತಗ್ಯಾಕತ್ತೀ. ನಡುವ ಗಿರಿಜಾನ್ನ ಸುಮ್ಮಸುಮ್ಮನ ಬೈದೇನಿ."

"ಬೈದಿದ್ದಕ್ಕ ಆಕಿ ಸುಮ್ಮನ ಕುಂತಿಲ್ಲ ಬಿಡು, ನಾನೂ ಕೇಳೇನಿ."

"ಡಾಕ್ಟರ ಹೇಳ್ಯಾರಲ್ಲಬೇ, ಅದು ಮಲಗೂ ಅರಿವೀನ ಹಾಸಬೇಕಂತ."

"ಡಾಕ್ಟರಗ ಬೆಕ್ಕಿನ ಹಲ್ಲ ಗೊತ್ತು. ನನಗ ಮನಿ ಗೊತ್ತು." ಅವ್ವ ತಲೆಯೆತ್ತಿ ಗೂಟದ ಕಡೆ ನೋಡಿದಳು. "ದನ ಹೊರಗ ಹೋಗುವಾಗ ಹಗ್ಗ ಮನ್ಯಾಗ ಇರಬೇಕು."

ನಮ್ಮ ಕಡೆಯ ರೈತರ ಮನೆಗಳಲ್ಲಿ ಇದು ಹೊಸ ಮಾತಲ್ಲ. ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತಾನೇ ತರಬೇಕು. ಹಗ್ಗವನ್ನೂ ಕೊಟ್ಟುಬಿಟ್ಟರೆ ಕೊಟ್ಟಿಗೆಯ ಏಳಿಗೆಯೆಲ್ಲ ಅದರ ಬೆನ್ನುಹತ್ತಿ ಹೋಗುತ್ತದೆ ಎನ್ನುತ್ತಾರೆ. ಆಗ ನಾವು ಮುನವಳ್ಳಿಯ ಹತ್ತಿರದ ಹಳ್ಳಿಯಲ್ಲಿದ್ದೆವು, ನವಿಲುತೀರ್ಥದ ಕಾಲುವೆ ನಮ್ಮ ಹೊಲದ ಬದಿಯಲ್ಲೇ ಹರಿಯುತ್ತಿತ್ತು. ಗೌರಿ ಎಂಬ ಎಮ್ಮೆಯನ್ನು ಮಾರಿದ ದಿನ ನನಗೆ ನೆನಪಿದೆ. ಕೊಂಡವನು ಹೊಸ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ. ಅಪ್ಪ ನಮ್ಮ ಹಗ್ಗ ಬಿಚ್ಚಿದ. ಅವನು ತನ್ನದನ್ನು ಹಾಕಬೇಕು, ಆದರೆ ಹೊಸ ಹಗ್ಗದ ಗಂಟು ಬಿಗಿಯಾಗಿ ಬಿಚ್ಚಿಕೊಳ್ಳಲೊಲ್ಲದು. ಆ ಒಂದು ಗಳಿಗೆ ಗೌರಿ ಅಂಗಳದ ನಡುವೆ ಯಾವ ಹಗ್ಗವೂ ಇಲ್ಲದೆ ನಿಂತಿತ್ತು. ನಮ್ಮದಲ್ಲ, ಅವನದೂ ಅಲ್ಲ. ಆಮೇಲೆ ಅದು ತಿರುಗಿ ನಮ್ಮ ಗೋದಲಿಗೇ ಹೋಗಿ ಮೇವಿಗೆ ಮುಖ ಇಟ್ಟಿತು. ಗೂಟದ ಹಗ್ಗ ಆ ಗೌರಿಯದು. ಇಷ್ಟು ಸ್ಪಷ್ಟವಾಗಿ ನೆನಪಿರುವುದರಿಂದಲೇ ನನಗೆ ಇದರ ಮೇಲೂ ಅಷ್ಟು ಭರವಸೆಯಿಲ್ಲ.

"ಎಮ್ಮಿ ಮಾರಿದ್ವಿ, ಖರೆ. ಬೆಕ್ಕನ್ನ ಮಾರಾಕ ಹೊಂಟಿಲ್ಲಲ್ಲಬೇ," ಎಂದೆ. "ದವಾಖಾನಿಗೆ ಹೋಗಿ ಹೊಳ್ಳಿ ಬರತೈತಿ."

"ಕರಾನೂ ದವಾಖಾನಿಗೇ ಒಯ್ದಿದ್ರು."

"ಯಾವ ಕರಾ?"

ಅವ್ವ ನನ್ನ ಮುಖವನ್ನೇ ನೋಡಿದಳು. "ಯಾವ ಕರಾ ಅಂತ ಕೇಳತಾನ. ಹಗ್ಗ ನೀನ ಹಿಡಕೊಂಡು ಕುಂತಿದ್ದೀ."

ಗೌರಿಯ ಕರು. ಹೊಟ್ಟೆ ಉಬ್ಬಿ ಮಲಗಿತ್ತಂತೆ. ಅಪ್ಪ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಕರುವನ್ನು ಮಲಗಿಸಿ, ಸವದತ್ತಿಯ ದನದ ದವಾಖಾನೆಗೆ ಒಯ್ದ. ನಾನು ಹಟ ಮಾಡಿ ಹತ್ತಿದೆ. ಕರುವಿನ ಕೊರಳ ಹಗ್ಗ ನನ್ನ ಕೈಯಲ್ಲಿತ್ತು. ಹೊರಡುವ ಗಡಿಬಿಡಿಯಲ್ಲಿ ಹಗ್ಗ ಬಿಚ್ಚಿ ಮನೆಯಲ್ಲಿಡಬೇಕೆಂದು ಅವ್ವನಿಗೆ ಹೊಳೆಯಲಿಲ್ಲ. ಸಂಜೆ ನಾವಿಬ್ಬರೇ ತಿರುಗಿ ಬಂದೆವು.

"ಹಗ್ಗಾನೂ ಬರಲಿಲ್ಲ, ಕರಾನೂ ಬರಲಿಲ್ಲ," ಎಂದಳು ಅವ್ವ. "ಹಗ್ಗ ಬಂದಿದ್ರ ಕರಾ ಉಳೀತಿತ್ತು ಅಂತ ನಾ ಅನ್ನಂಗಿಲ್ಲ. ನಾ ಅಷ್ಟ ಹುಚ್ಚಿ ಅಲ್ಲ. ಆದ್ರ ಮನ್ಯಾಗ ಕೈಯಾಗ ಹಿಡಿಯಾಕ ಏನೂ ಉಳೀಲಿಲ್ಲ ನೋಡು."

ಚಕ್ಕಡಿ ನನಗೆ ನೆನಪಿದೆ. ಸವದತ್ತಿಯೂ ನೆನಪಿದೆ. ಅಪ್ಪ ಅವತ್ತು ನನಗೆ ಚುರಮರಿ, ಮಿರ್ಚಿಭಜಿ ಕೊಡಿಸಿದ್ದ. ಕಾಗದದ ಪೊಟ್ಟಣದ ಎಣ್ಣೆ ಅಂಗಿಗೆ ಹತ್ತಿತ್ತು. ನನ್ನ ಬಾಲ್ಯದ ಸುಖದ ದಿನ ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದದ್ದು ಆ ದಿನವನ್ನೇ. ಅದರಲ್ಲಿ ಕರು ಇರಲಿಲ್ಲ. ಒಂದಿಡೀ ಕರುವನ್ನು, ಅದರ ಉಬ್ಬಿದ ಹೊಟ್ಟೆಯ ಸಮೇತ, ಚಕ್ಕಡಿಯಿಂದ ಇಳಿಸಿ ನನ್ನ ನೆನಪು ಮುಂದೆ ಹೋಗಿಬಿಟ್ಟಿದೆ. ಅಪ್ಪ ಯಾಕೆ ಅವತ್ತು ಕೇಳದೆಯೇ ಮಿರ್ಚಿ ಕೊಡಿಸಿದ ಎಂಬುದು ಇಷ್ಟು ವರ್ಷಗಳ ಮೇಲೆ, ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ನಿಂತಾಗ ತಿಳಿಯಿತು.

ಅವ್ವ ಕೌದಿಯನ್ನು ಕೊಡದ ಪಕ್ಕ ಹಾಸಿ, ಮೂಲೆ ಸರಿಮಾಡಿದಳು.

ಅವತ್ತು ಸಂಜೆ ಪುಟಾಣಿ ಹಾಲನ್ನು ಒಂದೆರಡು ಸಲ ನೆಕ್ಕಿ ಬಿಟ್ಟಿತು. ದವಡೆ ಇನ್ನೂ ದಪ್ಪವಾಗಿತ್ತು. ಬರಿ ಪೆಟ್ಟಿಗೆಯ ಬಳಿ ಬಂದರೆ ಸುತ್ತು ಬಳಸಿ ಗೋಡೆಗೆ ಒತ್ತಿಕೊಂಡು ಹೋಗುತ್ತಿತ್ತು. ಗಿರಿಜಾ ಅವ್ವನ ಎದುರು ಬಂದು ಕುಳಿತಳು.

"ಅತ್ತೀ, ಕೌದಿ ಬ್ಯಾಡ ಅಂದ್ರ ಬ್ಯಾಡ್ರಿ. ಆದ್ರ ಬರೇ ಪ್ಲಾಸ್ಟಿಕ್ಕಿನ ಮ್ಯಾಲ ಅದು ಕಾಲ ಇಡಂಗಿಲ್ಲ. ಹಿಂಗ ಬಿಟ್ರ ಕೌದಿ ಅಷ್ಟ ಉಳೀತೈತ್ರಿ ಮನ್ಯಾಗ."

ನಾನಾದರೆ ಇಷ್ಟು ನೇರವಾಗಿ ಹೇಳುತ್ತಿರಲಿಲ್ಲ. ಮಡಿಲಲ್ಲಿದ್ದ ಬೆಕ್ಕಿನ ಬೆನ್ನ ಮೇಲೆ ಅವ್ವನ ಕೈ ನಿಂತಿತು.

ಬುಧವಾರ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಒಂದು ಸೀರೆ ಇತ್ತು. ಅವ್ವ ದಿನಾ ಉಡುವ, ತೊಳೆದು ತೊಳೆದು ಮೆತ್ತಗಾದ ಇಳಕಲ್ ಸೀರೆ. ಹಿಂದಿನ ದಿನವಿಡೀ ಉಟ್ಟದ್ದನ್ನು ಒಗೆಯಲು ಹಾಕದೆ ಹಾಗೇ ಮಡಿಸಿ ಇಟ್ಟಿದ್ದಳು.

"ಇದು ಹೋಗಬಹುದೇನಬೇ?" ನಾನು ಹೆದರಿಕೊಂಡೇ ಕೇಳಿದೆ.

"ಇದು ಬೆಕ್ಕಿಂದಲ್ಲ, ನಂದು. ನಾ ಎರವಲ ಕೊಟ್ಟೇನಿ." ಅವ್ವ ಸೀರೆಯ ಮೇಲೆ ಅಂಗೈ ಸವರಿದಳು. "ನನ್ನ ಸಾಮಾನ ಯಾರ ಒಯ್ದರೂ ಹೊಳ್ಳಿ ತಂದ ಕೊಡಬೇಕು. ಬೆಕ್ಕಾದ್ರ ಏನು?"

ಗುರುವಾರ ಮಧ್ಯಾಹ್ನ ಅವ್ವ ಪೆಟ್ಟಿಗೆಯ ಪಕ್ಕ ಕಾಲು ಚಾಚಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡತೊಡಗಿದಳು. ತಂತಿಯ ಬಾಗಿಲನ್ನು ಗಿರಿಜಾ ಆಗಲೇ ಮತ್ತೆ ಕೂಡಿಸಿ, ತೆರೆದಿಟ್ಟಿದ್ದಳು. ಪುಟಾಣಿ ಎಂದಿನಂತೆ ಮಡಿಲು ಹುಡುಕಿಕೊಂಡು ಬಂತು. ಮಡಿಲಲ್ಲಿ ಮೊರ ಇತ್ತು. ಅದು ನಿಂತಿತು. ಮೂಗು ಪೆಟ್ಟಿಗೆಯ ಕಡೆ ತಿರುಗಿತು. ನಾನು ಕಣ್ಣು ಕೀಳದೆ ನೋಡುತ್ತಿದ್ದೆ.

"ಅದನ್ನ ನೋಡಬ್ಯಾಡ," ಎಂದಳು ಅವ್ವ, ಜೋಳದಿಂದ ಕಣ್ಣೆತ್ತದೆ. "ನೀ ಹಿಂಗ ದುರುಗುಟ್ಟಿ ನೋಡಿದ್ರ ಅದು ಹೆಂಗ ಹೋಗಬೇಕು? ಗ್ವಾಡಿ ನೋಡು."

ನಾನು ಗೋಡೆ ನೋಡಿದೆ. ಗೂಟ ನೋಡಿದೆ. ಹಗ್ಗ ನೋಡಿದೆ. ಜೋಳ ಮೊರದಲ್ಲಿ ಏರಿಳಿಯುವ ಸದ್ದು ನಡುವೆ ಒಮ್ಮೆ ನಿಂತಿತು, ತಂತಿಯ ಬಾಗಿಲು ಟಕ್ ಎಂದಿತು. ತಿರುಗಿ ನೋಡಿದಾಗ ಅವ್ವನ ಕೈ ಇನ್ನೂ ಬಾಗಿಲ ಮೇಲಿತ್ತು. ಒಳಗಿನಿಂದ ಪುಟಾಣಿ ಒಂದು ಸಲ ಕೂಗಿ, ಸೀರೆಯ ಮಡಿಕೆಯೊಳಗೆ ಮುಖ ಹುದುಗಿಸಿತು.

"ಹೋಗಿ ಬಾ ಪುಟಾಣೀ," ಎಂದಳು ಅವ್ವ, ತಂತಿಗೆ ಬಾಯಿ ಹಚ್ಚಿ. "ನನ್ನ ಸೀರಿ ತಂದ ಕೊಡು."

ಗಿರಿಜಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕುಳಿತಳು, ನಾನು ಅವಳ ಪಕ್ಕ. ದವಾಖಾನೆಯಲ್ಲಿ ಡಾಕ್ಟರು ಪೆಟ್ಟಿಗೆಯ ಮೇಲಿನ ಅರ್ಧವನ್ನಷ್ಟೇ ಬಿಚ್ಚಿ, ಸೀರೆಯ ಮೇಲಿದ್ದಂತೆಯೇ ಇಂಜೆಕ್ಷನ್ ಕೊಟ್ಟರು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರು. ನಮ್ಮ ಪಕ್ಕ ಜ್ವರ ಬಂದ ಆಡೊಂದನ್ನು ಹಿಡಿದುಕೊಂಡ ಅಜ್ಜ. ಆಡು ಗಿರಿಜಾಳ ಚೀಲದ ಪಟ್ಟಿ ಅಗಿಯುತ್ತಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ. ಎದುರಿನ ಗಾಡಿಯಲ್ಲಿ ಯಾರೋ ಮಿರ್ಚಿ ಕರಿಯುತ್ತಿದ್ದರು. ನನಗೆ ಬೇಡವೆನಿಸಿತು.

ಬಾಗಿಲು ತೆರೆಯಿತು. "ಆತ್ರಿ ಕಾಕಾರ. ಹಲ್ಲ ಬಂತು, ಕೀವೆಲ್ಲಾ ತಗದೇನಿ. ಛಲೋ ಆಗತೈತಿ," ಎಂದರು ಡಾಕ್ಟರು. ಪೆಟ್ಟಿಗೆಯಲ್ಲಿ ಪುಟಾಣಿ ಅರೆಗಣ್ಣು ತೆರೆದು ಮಲಗಿತ್ತು. ಅದರ ಕೆಳಗೆ ದಿನಪತ್ರಿಕೆ.

"ಸೀರಿ?"

"ಅದು ಹೊಲಸ ಆಗಿತ್ರಿ. ಕೀವು, ರಕ್ತ. ಬಕೀಟಿನ್ಯಾಗ ಹಾಕ್ಸೇನಿ."

"ಅದು ನಮಗ ಬೇಕಾಗೈತ್ರಿ ಮೇಡಂ."

"ಕಾಕಾರ, ಹಳೇ ಸೀರಿ ಅದು."

"ಎರವಲ ತಂದದ್ದರಿ. ಹೊಳ್ಳಿ ಕೊಡಬೇಕು."

ನಂಬಿಕೆ ಯಾವುದೂ ಇಲ್ಲದವನೆಂದು ಊರಲ್ಲಿ ಹೆಸರು ಮಾಡಿದ ನಾನು, ಮೂಲೆಯ ಬಕೀಟಿನೊಳಗೆ ಕೈ ಹಾಕಿ, ಅರಳೆಯ ಉಂಡೆಗಳನ್ನು ಸರಿಸಿ, ಇಳಕಲ್ ಸೀರೆಯನ್ನು ಹೊರಗೆಳೆದೆ. ಡಾಕ್ಟರು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು.

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಆಟೋ ನಿಂತದ್ದೇ ಕೇಳಿದಳು, "ಸೀರಿ?"

ಚೀಲ ಕೊಟ್ಟೆ. ಬಿಚ್ಚಿ ನೋಡಿದಳು, ಮೂಗು ಮುಚ್ಚಿಕೊಳ್ಳಲಿಲ್ಲ, ಬಗಲಲ್ಲಿ ಇಟ್ಟುಕೊಂಡಳು. ಆಮೇಲೆ ಪೆಟ್ಟಿಗೆಯ ಮುಂದೆ ಕುಳಿತು ಬಾಗಿಲು ತೆರೆದಳು. ಪುಟಾಣಿ ಹೊರಗೆ ಬಂದು, ಮಂಪರಿನಲ್ಲಿ ತೂಗಾಡುತ್ತ, ಪಡಸಾಲೆಯ ನಡುವೆ ನಿಂತಿತು. ಯಾರ ಕಡೆಗೂ ನೋಡಲಿಲ್ಲ. ನಮ್ಮದು ಹೌದೋ ಅಲ್ಲವೋ ಎನ್ನುವಂಥ ಒಂದು ಗಳಿಗೆ. ನಾವು ಮೂವರೂ ಗೋಡೆ ನೋಡುತ್ತ ಕುಳಿತೆವು. ಮೆಲ್ಲಗೆ ಕೊಡದ ಪಕ್ಕದಿಂದ ಕೌದಿಯನ್ನು ಕಾಲಿನಿಂದ ಒತ್ತುವ ಸದ್ದು ಕೇಳಿಸಿತು.

ಈಗ ಅದು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತದೆ, ಬಲಗಡೆಯಿಂದ ಅಗಿದು. ಪರೀಕ್ಷೆಗೆ ಮುಂದಿನ ವಾರ ಮತ್ತೆ ಹೋಗಬೇಕು. ಸೀರೆ ತೊಳೆದು ಒಣಗಿದೆ, ಸೆರಗಿನ ಹತ್ತಿರ ಕಂದು ಕಲೆಯೊಂದು ಉಳಿದಿದೆ. ನಿನ್ನೆ ಮನೆಗೆ ಬಂದವರಿಗೆ ನಾನು ಬಕೀಟಿಗೆ ಕೈಹಾಕಿದ ಕಥೆ ಹೇಳುತ್ತಿದ್ದೆ. ಗಿರಿಜಾ ಚಹಾ ಕೊಡುತ್ತ ನಡುವೆಯೇ ತಡೆದಳು.

"ಬಕೀಟಿಗೆ ಕೈ ಹಾಕಿದಾಕಿ ನಾನು. ಇವರು ಬಾಗಲದಾಗ ನಿಂತು ಎರವಲ ಎರವಲ ಅನಕೊಂತ ಇದ್ರು."

"ನನ್ನ ಕೈಗೆ ವಾಸನಿ ಬರತಿತ್ತಲ್ಲ!"

"ಚೀಲ ಹಿಡಕೊಂಡಿದ್ರಿ, ಅದಕ್ಕ."

ಇಬ್ಬರೂ ಅವ್ವನ ಕಡೆ ತಿರುಗಿದೆವು. ಅವ್ವ ಸೀರೆ ಮಡಿಸಿ ಪೆಟ್ಟಿಗೆಯೊಳಗೆ ಹಾಸುತ್ತಿದ್ದಳು. ಬಾಗಿಲು ತೆಗೆದಿಟ್ಟ ಪೆಟ್ಟಿಗೆಯೊಳಗೆ ಪುಟಾಣಿ ಆಗಲೇ ಅರ್ಧ ಹೊಕ್ಕು, ಅವಳ ಕೈಯ ಮೇಲೆಯೇ ಮಲಗಲು ನೋಡುತ್ತಿತ್ತು.

"ಯಾರ ತಂದ್ರ ಏನು," ಎಂದಳು ಅವ್ವ, ಕೈ ಬಿಡಿಸಿಕೊಳ್ಳುತ್ತ. "ಬಂತಲ್ಲ."